ಕರಡಿಗುಡ್ಡದ ಅರ್ಜಿ

ಗುರುವಾರ ಮುಂಜಾನೆ ಹತ್ತಿಕುಣಿಯ ಹತ್ತಿರ, ಕರಡಿಗುಡ್ಡದ ಬುಡದಲ್ಲಿ ಹಣಮಂತ್ರಾಯನ ಹೆಣ ಸಿಕ್ಕಿತು. ಕಟ್ಟಿಗೆಗೆ ಹೋದ ಹೆಂಗಸರಿಗೆ ಮೊದಲು ಕಂಡದ್ದು ಹುಲ್ಲಿನ ಮೇಲಿದ್ದ ಕಂಬಳಿ. ಆಮೇಲೆ ಅದರಾಚೆ ಚಾಚಿದ್ದ ಕಾಲು.

ಪೊಲೀಸ್ ಠಾಣೆಯ ಅಮೀನ ಮೈನುದ್ದೀನ ಯಾದಗಿರಿಯಿಂದ ಸೈಕಲ್ ತುಳಿದು ಬರುವಷ್ಟರಲ್ಲಿ ಊರೇ ಅಲ್ಲಿ ನೆರೆದಿತ್ತು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಐದು ವರ್ಷ ಕಳೆದಿದ್ದವು. ನಿಜಾಮರ ಕಾಲದ ಅಧಿಕಾರಿಗಳಲ್ಲಿ ನೌಕರಿ ಉಳಿಸಿಕೊಂಡ ಕೆಲವರಲ್ಲಿ ಅವನೂ ಒಬ್ಬ. ಒಂದು ಹೆಜ್ಜೆ ತಪ್ಪಿದರೂ ತನ್ನನ್ನು ಯಾರೂ ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಸತ್ತವನು ಕುರಿಗಾರ. ಕರಡಿಗುಡ್ಡ ಹಿಂದೆ ನವಾಬರ ಬೇಟೆಯ ಕಾಡು, ಈಗ ಸರ್ಕಾರ ಕಾಯ್ದಿಟ್ಟ ಅಡವಿ. ಅದನ್ನು ಕಲ್ಲುಗಣಿಗೆ ಕೊಡಿರೆಂದು ಹೈದರಾಬಾದಿನ ಗುತ್ತಿಗೆದಾರನೊಬ್ಬ ಕೇಳಿದ್ದ. ಕೊಡಬೇಡಿರೆಂದು ಹಣಮಂತ್ರಾಯ ಮುದನಾಳದ ತನಕ ಊರೂರು ತಿರುಗಿ ಅರ್ಜಿಗೆ ಮುನ್ನೂರು ಜನರ ಹೆಬ್ಬೆಟ್ಟು ಒತ್ತಿಸಿದ್ದ. ಹೆಣ ಸಿಕ್ಕ ಆ ಗುರುವಾರವೇ ಮಧ್ಯಾಹ್ನ ಮೂರಕ್ಕೆ ಯಾದಗಿರಿಯ ಮುಸಾಫಿರ ಬಂಗಲೆಯಲ್ಲಿ ಕಲೆಕ್ಟರ್ ಸಾಹೇಬರು ಜನರ ಮಾತು ಕೇಳುವವರಿದ್ದರು.

ತಲೆಯ ಹಿಂಭಾಗ ಒಡೆದಿತ್ತು. ಅಂಗಿಯ ಎದೆ ಹರಿದಿತ್ತು. ಕಾಲು ಜಾರಿ ಬಿದ್ದವನ ಅಂಗಿಯನ್ನು ಯಾರು ಹಿಡಿದು ಎಳೆಯುತ್ತಾರೆ? ಅರ್ಜಿ ಮಾತ್ರ ಮೈಮೇಲೆ ಎಲ್ಲಿಯೂ ಇರಲಿಲ್ಲ.

ಅಂಗಡಿಯ ಜಗದೇವಪ್ಪ ಮುಂದೆ ಬಂದ. ಊರಿನ ಕಾಗದಪತ್ರಗಳನ್ನೆಲ್ಲ ಬರೆಯುವವನು ಅವನೇ. ಹಣಮಂತ್ರಾಯನ ಅರ್ಜಿಯನ್ನೂ ಅವನೇ ಬರೆದಿದ್ದ.

"ಅರ್ಜಿ ಸೋಮವಾರನ ನನ್ನ ಕೈಗೆ ಕೊಟ್ಟಾನ್ರಿ. ಮನ್ಯಾಗ ಐತಿ, ನಾನ ಸಾಹೇಬ್ರಿಗಿ ಕೊಡ್ತೀನಿ. ಇಲ್ನೋಡ್ರಿ, ಇದು ಮಲ್ಲಣ್ಣನ ಕೆಲಸ."

ಹೆಣದ ಪಕ್ಕದಲ್ಲಿ, ಕಂಬಳಿಯ ಮೇಲೆ, ಗೇಣುದ್ದದ ಮದ್ದಿನ ಬತ್ತಿ ಬಿದ್ದಿತ್ತು. ಮಲ್ಲಣ್ಣ ಗುತ್ತಿಗೆದಾರನ ಕಡೆಯ ಬಂಡೆ ಸಿಡಿಸುವವ. ಗಣಿಗೆ ಅಡ್ಡ ಬಂದರೆ ಹಾರಿಸಿಬಿಡುತ್ತೇನೆಂದು ಸಂತೆಯಲ್ಲಿ ಕೂಗಾಡಿದ್ದನ್ನು ಎಲ್ಲರೂ ಕೇಳಿದ್ದರು. ಅವನನ್ನು ಹಿಡಿದು ತಂದಾಗ ಜನ ಕಲ್ಲು ಎತ್ತಿಕೊಂಡರು. ಅಂದದ್ದು ನಿಜ, ಮುಟ್ಟಿದ್ದು ಸುಳ್ಳು ಎಂದು ಅವನು ಹೇಳಿದ.

ಮೈನುದ್ದೀನ ಬತ್ತಿಯನ್ನು ಬೆರಳಲ್ಲಿ ಹೊಸಕಿ ನೋಡಿದ. ಕಂಬಳಿಯನ್ನು ಮುಟ್ಟಿದ. ಆಮೇಲೆ ಕಟ್ಟಿಗೆಯ ಹೆಂಗಸರನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿಕೊಂಡ. ಮಲ್ಲಣ್ಣನನ್ನು ಜನರ ಕೈಗೆ ಸಿಗದಂತೆ ಠಾಣೆಗೆ ಕಳಿಸಿದ.

* * *

ಸತ್ತವನ ಹೆಂಡತಿ ಶೇಖಮ್ಮ ಹಟ್ಟಿಯ ಗೋಡೆಗೆ ಒರಗಿ ಕೂತಿದ್ದಳು. ಅಳು ಬತ್ತಿಹೋಗಿತ್ತು.

ಮೈನುದ್ದೀನ ಅವಳೆದುರು ನೆಲದ ಮೇಲೆ ಕೂತು, ಗಂಡ ಮನೆ ಬಿಟ್ಟಿದ್ದು ಯಾವಾಗ ಎಂದು ಕೇಳಿದ. ನಿನ್ನೆ ದೀಪ ಹಚ್ಚುವ ಹೊತ್ತಿಗೆ, ಕುರಿಗಳ ಕಾವಲಿಗೆಂದು ಗುಡ್ಡದ ದಾರಿ ಹಿಡಿದು ಹೋದ ಎಂದಳು.

"ಅರ್ಜಿ ಎಲ್ಲಿತ್ತವ್ವಾ?"

"ಅವನ ಉಡಿಯಾಗ ಇತ್ರಿ. ಗಣಿ ಮಂದಿಗೆ ಅಂಜಿ ನಾ ಹೆಬ್ಬೆಟ್ಟು ಕೊಟ್ಟಿದ್ದಿಲ್ಲ. ನಿನ್ನಿ ಹೋಗೂ ಮುಂದ ಮತ್ತ ಕೇಳಿದ. ಎಲ್ಲಾರಕಿಂತ ಕಡೀಕ ಒತ್ತಿ ಕೊಟ್ಟೆ."

ಅವಳು ಬಲಗೈ ಚಾಚಿದಳು. ಹೆಬ್ಬೆರಳಿಗೆ ಇನ್ನೂ ಮಸಿ ಹತ್ತಿತ್ತು. ಎಂದೋ ಕುಡುಗೋಲು ಬಡಿದ ಗಾಯದ ಗೆರೆ ಬೆರಳನ್ನು ಅಡ್ಡಲಾಗಿ ಸೀಳಿತ್ತು.

ಮೈನುದ್ದೀನ ಎದ್ದು ನಿಂತ. ಗಡಿಯಾರದಲ್ಲಿ ಹನ್ನೊಂದು. ಅವಳನ್ನು ಬಂಗಲೆಗೆ ಕರೆತರಲು ಬಂಡಿ ಕಟ್ಟಿಸಿದ.

* * *

ಬಂಗಲೆಯ ಅಂಗಳ ತುಂಬಿತ್ತು. ಜಗದೇವಪ್ಪ ಕಣ್ಣೊರೆಸಿಕೊಳ್ಳುತ್ತ ಅರ್ಜಿಯನ್ನು ಕಲೆಕ್ಟರರ ಮೇಜಿನ ಮೇಲಿಟ್ಟ. ಒಂದು ಹಾಳೆ ಬರಹ, ಅದರ ಹಿಂದೆ ದಾರದಿಂದ ಹೊಲಿದ ಹೆಬ್ಬೆಟ್ಟಿನ ಹಾಳೆಗಳು. ಸತ್ತವನ ಕಡೆಯ ಆಸೆ ಇದೇ ಎಂದ.

ಮೈನುದ್ದೀನ ಅಪ್ಪಣೆ ಕೇಳಿ ಅದನ್ನು ಕೈಗೆ ತೆಗೆದುಕೊಂಡ. ಬರಹ ಉರ್ದುವಿನಲ್ಲಿತ್ತು. ಕಚೇರಿಗಳಲ್ಲಿ ಇನ್ನೂ ಅದೇ ನಡೆಯುತ್ತಿತ್ತು. ಊರಲ್ಲಿ ಓದಬಲ್ಲವನು ಜಗದೇವಪ್ಪ ಒಬ್ಬನೇ. ಮೈನುದ್ದೀನ ಒಂದೊಂದೇ ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದ. ಕರಡಿಗುಡ್ಡವನ್ನು ಗಣಿಗೆ ಕೊಡಲು ನಮ್ಮೆಲ್ಲರ ಒಪ್ಪಿಗೆ ಇದೆ.

ಅಂಗಳದ ಜನರೆಲ್ಲ ಜಗದೇವಪ್ಪನತ್ತ ತಿರುಗಿದರು.

"ಹಣಮಂತ್ರಾಯ ಕಡೀಕ ಮನಸ್ಸು ಬದಲಿಸಿದ್ನ್ರಿ," ಎಂದ ಜಗದೇವಪ್ಪ. "ಸೋಮವಾರ ಅವನ ಹೇಳಿ ಬರಸ್ಯಾನ. ಈ ಅಮೀನರು ಹಳೇ ಸರ್ಕಾರದವರು, ಇವರ ಮಾತು ನಂಬಬ್ಯಾಡ್ರಿ."

ಮೈನುದ್ದೀನ ಕಡೆಯ ಹಾಳೆಯನ್ನು ತೆರೆದ. ಅಲ್ಲಿದ್ದ ಕೊನೆಯ ಹೆಬ್ಬೆಟ್ಟನ್ನು ಅಡ್ಡಗೆರೆಯೊಂದು ಸೀಳಿತ್ತು. ಶೇಖಮ್ಮನ ಹೆಬ್ಬೆರಳಿಗೆ ಮಸಿ ಹಚ್ಚಿ ಪಕ್ಕದಲ್ಲೇ ಒತ್ತಿಸಿದ. ಎರಡೂ ಒಂದೇ.

"ಇದು ಬುಧವಾರ ಸಂಜೀಕ ಒತ್ತಿದ್ದು. ಸೋಮವಾರ ನಿನ್ನ ಕೈಗೆ ಬಂದ ಕಾಗದಕ್ಕ ಇದು ಹೆಂಗ ಬಂತು, ಜಗದೇವಪ್ಪ?"

ಜಗದೇವಪ್ಪ ಹಿಂದಕ್ಕೆ ಸರಿದ. ಪೇದೆಗಳು ಅಡ್ಡ ನಿಂತರು.

ಉಳಿದದ್ದನ್ನು ಮೈನುದ್ದೀನ ಕಲೆಕ್ಟರರಿಗೆ ಬಿಡಿಸಿ ಹೇಳಿದ. ಬುಧವಾರ ಸಂಜೆ ಅರ್ಜಿ ಹಣಮಂತ್ರಾಯನ ಉಡಿಯಲ್ಲಿತ್ತು. ಈಗ ಯಾರ ಕೈಯಲ್ಲಿದೆಯೋ ಅವನೇ ಗುಡ್ಡದ ಮೇಲೆ ಅದನ್ನು ಕಿತ್ತುಕೊಂಡವನು. ರಾತ್ರಿಯ ಇಬ್ಬನಿಗೆ ಕಂಬಳಿ ತೊಯ್ದಿತ್ತು, ಹುಲ್ಲು ತೊಯ್ದಿತ್ತು. ಕಂಬಳಿಯ ಮೇಲಿದ್ದ ಬತ್ತಿ ಮಾತ್ರ ಒಣಗಿಯೇ ಇತ್ತು. ಅಂದರೆ ಅದನ್ನು ಬೆಳಗಾದ ಮೇಲೆ ಹಾಕಿದ್ದು. ಹೆಂಗಸರು ಕೂಗಿದಾಗ ಎಲ್ಲರಿಗಿಂತ ಮೊದಲು ಹೆಣದ ಹತ್ತಿರ ಓಡಿಬಂದು ಬಗ್ಗಿದವನು ಜಗದೇವಪ್ಪ ಎಂದು ಆ ಹೆಂಗಸರೇ ಹೇಳಿದ್ದರು.

ಆಗ ಜಗದೇವಪ್ಪ ಕಲೆಕ್ಟರರ ಕಾಲು ಹಿಡಿದ. ಗಣಿ ಶುರುವಾದರೆ ಕಲ್ಲು ಸಾಗಿಸುವ ಲಾರಿಗಳ ಗುತ್ತಿಗೆ ತನಗೆಂದು ಮಾತಾಗಿತ್ತು ಎಂದು ಒಪ್ಪಿಕೊಂಡ. ಬುಧವಾರ ಗುಡ್ಡದಲ್ಲಿ ಅಡ್ಡಗಟ್ಟಿ ಅರ್ಜಿ ಕೇಳಿದರೆ, ಅದನ್ನು ನಾನೇ ಸಾಹೇಬರಿಗೆ ಕೊಡುತ್ತೇನೆಂದು ಹಣಮಂತ್ರಾಯ ಹಟ ಹಿಡಿದನಂತೆ. ಎಳೆದಾಟದಲ್ಲಿ ನೂಕಿದ್ದು ಹೌದು. ನಿಜವಾದ ಮೊದಲ ಹಾಳೆಯನ್ನು ಸುಟ್ಟು ಬೇರೆಯದನ್ನು ಬರೆದು ಹೊಲಿದದ್ದೂ ಹೌದು.

ಪೇದೆಗಳು ಅವನನ್ನು ಎಬ್ಬಿಸಿಕೊಂಡು ಹೋದರು. ಕಲೆಕ್ಟರರು ತಮ್ಮೆದುರಿನ ಉರ್ದು ಹಾಳೆಯನ್ನು ಹೊಲಿಗೆಯಿಂದ ಬಿಡಿಸಿ ಸಾಕ್ಷಿಗೆಂದು ಬದಿಗಿಟ್ಟರು. ಸುಟ್ಟುಹೋದ ಹಾಳೆಯಲ್ಲಿ ಏನಿತ್ತೆಂದು ಕೇಳಿದರು.

ಶೇಖಮ್ಮ ಸೆರಗು ಸರಿಮಾಡಿಕೊಂಡು ಮೇಜಿನ ಹತ್ತಿರ ಬಂದಳು.

"ನಾ ಹೇಳ್ತೀನ್ರಿ, ಬರ್ಕೋರಿ. ಗುಡ್ಡ ಒಡದ್ರ ನಮ್ಮ ಹಳ್ಳ ಬತ್ತತೈತಿ. ಕಲ್ಲು ಒಯ್ದವರು ಹೊಳ್ಳಿ ಬರಂಗಿಲ್ಲ. ನಾವು ಇಲ್ಲೇ ಇರವರು."

ಮೈನುದ್ದೀನ ಹೊಸ ಹಾಳೆ ತೆಗೆದುಕೊಂಡು ಬರೆಯಲು ಕೂತ, ಕನ್ನಡದಲ್ಲಿ.