ಒಂದು ಬೆಳಗಿನ ಕೆಲಸ

ಪಕ್ಕದ ಮನೆಯ ಹಳೇ ಸ್ಟೇಷನ್ ವ್ಯಾಗನ್ ಕಾರಿನಡಿಯಿಂದ ಎರಡು ಕಾಲು ಹೊರಚಾಚಿದ್ದವು. ಅಲುಗಾಡುತ್ತಿರಲಿಲ್ಲ. ಟೋಬಿಯಾಸ್ ಕೈಯಲ್ಲಿದ್ದ ಪಿಟೀಲಿನ ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟು ಓಡಿದ. ಆ ಕಾಲುಗಳನ್ನು ಹಿಡಿದು ಜೋರಾಗಿ ಎಳೆದ.

ಹೊರಬಂದದ್ದು ಗ್ರೀಸ್ ಮೆತ್ತಿದ ಮುಖ, ಅದರಲ್ಲಿ ಎರಡು ಸಿಟ್ಟಿನ ಕಣ್ಣು.

"ಏನ್ರೀ ಇದು?"

"ಕಾರು ನಿಮ್ಮ ಮೇಲೆ ಬಿದ್ದಿದೆ ಅಂದ್ಕೊಂಡೆ."

"ಬಿದ್ದಿದ್ರೆ, ನೀವು ಎಳೆದ ರಭಸಕ್ಕೆ ಅರ್ಧ ಮಾತ್ರ ಬರ್ತಿದ್ದೆ." ಆಕೆ ಎದ್ದು ಕುಳಿತಳು. ತುಟಿಯ ಒಂದು ಕೊನೆಯಲ್ಲಷ್ಟೇ ನಗು ಮೂಡಿತು. "ನಿದ್ದೆ ಬಂದಿತ್ತು. ಕಾರಿನಡಿ ತಂಪಾಗಿರುತ್ತೆ."

ಮೆರಿನ್ ಪಾಸ್ಕೋ ಆಸ್ಟ್ರೇಲಿಯಾದ ವಾಲರೂ ಬಂದರಿನಲ್ಲಿ ಹಡಗುಗಳಿಗೆ ಗೋಧಿ ತುಂಬುವ ಯಂತ್ರ ನಡೆಸುತ್ತಿದ್ದಳು. ಟೋಬಿಯಾಸ್ ಊರಿನ ಶಾಲೆಗೆ ಹೊಸದಾಗಿ ಬಂದ ಸಂಗೀತದ ಮೇಷ್ಟ್ರು. ಬೇಲಿಯಾಚೆಯಿಂದ ಕೈಬೀಸಿದ್ದು ಬಿಟ್ಟರೆ ಇಬ್ಬರಿಗೂ ಪರಿಚಯವಿರಲಿಲ್ಲ. ಆಕೆಗೆ ದೂರದ ಎಸ್ಪರೆನ್ಸ್ ಬಂದರಿನಲ್ಲಿ ಮೇಲಿನ ಹುದ್ದೆ ಸಿಕ್ಕಿತ್ತು. ನಲ್ಲರ್‌ಬೋರ್ ಎಂಬ ನೂರಾರು ಮೈಲಿಯ ಬರಡು ಬಯಲು ದಾಟಿ ಹೋಗಬೇಕು. ಕಾರಿನ ಮುಂದಿನ ಚಕ್ರವೋ ಗುಂಡಿ ಸಿಕ್ಕಲ್ಲೆಲ್ಲ ಟಕ್ ಟಕ್ ಎನ್ನುತ್ತಿತ್ತು.

ಮೆರಿನ್ ಚಕ್ರವನ್ನು ಅಲ್ಲಾಡಿಸಿ ತೋರಿಸಿದಳು. "ಕೇಳಿಸ್ತಾ? ಚಕ್ರ ಹಿಡಿದಿಡೋ ಬಾಲ್ ಜಾಯಿಂಟ್ ಸವೆದಿದೆ. ಇದು ಕಳಚಿಕೊಂಡ್ರೆ ಚಕ್ರ ಒಂದು ಕಡೆ, ನಾನೊಂದು ಕಡೆ."

"ಶ್ರುತಿ ತಪ್ಪಿದೆ," ಎಂದ ಟೋಬಿಯಾಸ್.

"ಹಾಗಿದ್ರೆ ಶ್ರುತಿ ಮಾಡೋಣ ಬನ್ನಿ ಮೇಷ್ಟ್ರೇ. ಆ ಸ್ಪ್ಯಾನರ್ ಕೊಡಿ."

ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿದ ಕಾರಿನ ಕೆಲಸ ಬೇಗ ಸಾಗಲಿಲ್ಲ. ಒಂದು ಸಂಜೆ ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು, "ನೆನೀಲಿ, ನಾಳೆ ನೋಡೋಣ" ಎಂದಳು. ಮರುದಿನ ರಬ್ಬರಿನ ಬುಶ್‌ಗಳನ್ನೂ ಬದಲಿಸಬೇಕೆಂದಳು. ಇನ್ನೊಂದು ಸಂಜೆ ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮಾಂಸ ತುಂಬಿದ ಬಿಸಿ ಪೇಸ್ಟಿ ತಿನ್ನುತ್ತಾ ಕುಳಿತದ್ದೇ ಆಯಿತು. ಆಕೆ ಮುಂಗೈಯಿಂದ ಕೂದಲು ಸರಿಸಿಕೊಂಡಾಗೆಲ್ಲ ಹಣೆಗೆ ಇನ್ನಷ್ಟು ಮಸಿ ಮೆತ್ತುತ್ತಿತ್ತು. ಒರೆಸಲೆಂದು ಅವನ ಕೈ ಏಳುತ್ತಿತ್ತು, ಆಮೇಲೆ ಹತ್ತಿರದ ಯಾವುದೋ ಸ್ಪ್ಯಾನರ್ ಎತ್ತಿಕೊಂಡು ಸುಮ್ಮನಾಗುತ್ತಿತ್ತು.

ಶನಿವಾರ ಒಂದು ಪಿನ್ನು ತರಲು ಅವನನ್ನೇ ಬಿಡಿಭಾಗಗಳ ಅಂಗಡಿಗೆ ಕಳಿಸಿದಳು.

ಕೌಂಟರಿನಲ್ಲಿದ್ದ ಮುದುಕ ಕೇಳಿದ: "ಮೆರಿನ್ ಕಾರು ಇನ್ನೂ ಸ್ಟ್ಯಾಂಡ್ ಮೇಲೇ ಇದ್ಯಾ? ಚಿಕ್ಕೋಳಿದ್ದಾಗಿಂದ ಅಪ್ಪನ ಜೊತೆ ಕಾರು ರಿಪೇರಿ ಮಾಡಿದೋಳು. ಅವಳಿಗೆ ಅದು ಒಂದು ಬೆಳಗಿನ ಕೆಲಸ ಕಣಯ್ಯ, ಮಧ್ಯಾಹ್ನದೊಳಗೆ ಮುಗಿಸ್ತಾಳೆ."

ಬಿಸಿಲಲ್ಲಿ ನಡೆಯುತ್ತಾ ಟೋಬಿಯಾಸ್ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ಒಂದೇ ಅರ್ಥ ಹೊರಡುತ್ತಿತ್ತು. ನಂಬಲು ಹೆದರಿಕೆಯಾಯಿತು.

ಪಿನ್ನನ್ನು ಆಕೆಯ ಅಂಗೈಗಿಟ್ಟ. "ಅಂಗಡಿಯವ್ರು ಹೇಳಿದ್ರು, ಇದು ನಿಮಗೆ ಒಂದು ಬೆಳಗಿನ ಕೆಲಸವಂತೆ."

ಮೆರಿನ್ ಆಗಲೇ ಒರೆಸಿಟ್ಟಿದ್ದ ಬೋಲ್ಟನ್ನು ಮತ್ತೆ ಒರೆಸತೊಡಗಿದಳು. "ಅವನಿಗೆ ಬಾಯಿ ಜಾಸ್ತಿ."

"ಸುಳ್ಳಾ?"

"ಸುಳ್ಳಲ್ಲ." ತಲೆಯೆತ್ತಲಿಲ್ಲ. "ದಿನಾ ನಿಮ್ಮ ಪಿಟೀಲು ಕೇಳ್ತಿದ್ದೆ. ಮಾತಾಡಿಸೋಕೆ ಧೈರ್ಯ ಬರ್ಲಿಲ್ಲ. ಹೊರಡೋ ಹೊತ್ತಿಗೆ ನೀವೇ ಬಂದು ಕಾಲು ಎಳೆದ್ರಿ. ಕಾರು ರೆಡಿಯಾದ್ರೆ ಹೋಗ್ಬೇಕಲ್ಲ. ಅದಕ್ಕೇ ನಿಧಾನ ಮಾಡ್ದೆ."

ಟೋಬಿಯಾಸ್ ಅವಳ ಪಕ್ಕ ಮಂಡಿಯೂರಿದ. ಅಂಗಿಯ ತೋಳಿನಿಂದ ಅವಳ ಹಣೆಯ ಮಸಿ ಒರೆಸಿದ. ಅವಳು ಕಣ್ಣು ಮುಚ್ಚಿಕೊಂಡಳು.

"ಇದು ಮುಗೀದೇ ಇರ್ಲಿ ಅಂತ ನಾನೂ ಅಂದ್ಕೊಳ್ತಿದ್ದೆ," ಎಂದ. "ಆದ್ರೆ ಈ ಚಕ್ರ ನಂಬಿ ನೀನು ಅಷ್ಟು ದೂರ ಹೋಗ್ಬೇಕು. ಗಟ್ಟಿಯಾಗಿ ಮುಗಿಸೋಣ."

'ನೀನು' ಎಂದದ್ದು ಇಬ್ಬರಿಗೂ ಕೇಳಿಸಿತ್ತು.

ಸಂಜೆಗೆ ಕಾರು ನೆಲಕ್ಕಿಳಿಯಿತು. ಬಂದರಿನ ಗುಂಡಿಬಿದ್ದ ರಸ್ತೆಯಲ್ಲಿ ಓಡಿಸಿ ನೋಡಿದರು. ಮುಂದಿನ ಚಕ್ರ ತುಟಿ ಪಿಟಕ್ಕೆನ್ನಲಿಲ್ಲ. ಮೆರಿನ್ ಮುಖ ಮಾತ್ರ ಸಣ್ಣಗಾಗಿತ್ತು.

"ಸೋಮವಾರ ಚಕ್ರದ ಅಲೈನ್‌ಮೆಂಟ್ ಮಾಡಿಸ್ಕೊಂಡು ಹೊರಡ್ತೀನಿ."

"ಸೋಮವಾರದಿಂದ ನನಗೆ ಶಾಲೆ ರಜೆ. ಈ ಸೀಟು ಖಾಲೀನಾ?"

"ವಾಪಸ್ ಹೇಗೆ ಬರ್ತೀಯ?"

"ಬಸ್ಸಲ್ಲಿ ಬಂದು, ಸಾಮಾನು ಕಟ್ಕೊಂಡು ಮತ್ತೆ ಅಲ್ಲಿಗೇ ಬರ್ತೀನಿ. ಎಸ್ಪರೆನ್ಸ್‌ನಲ್ಲೂ ಮಕ್ಕಳು ಅಪಸ್ವರದಲ್ಲೇ ಹಾಡ್ತಿರ್ತಾರೆ. ಅವರಿಗೂ ಒಬ್ಬ ಮೇಷ್ಟ್ರು ಬೇಕಲ್ಲ."

ಮೆರಿನ್ ಕಾರನ್ನು ಮೆಲ್ಲನೆ ರಸ್ತೆಬದಿಗೆ ತಂದು ನಿಲ್ಲಿಸಿ, ಎಂಜಿನ್ ಆರಿಸಿ, ಅವನತ್ತ ತಿರುಗಿದಳು.