ಗೇನ್ ಸ್ಕ್ರೂ ಮೇಲಿನ ಉಗುರುಬಣ್ಣ

“ಕೈ ತೆಗೀರಿ.”

ಸುಂಕಮ್ಮನ ದನಿ ಜೋರಾಗಿರಲಿಲ್ಲ. ಆದರೂ ಅವನ ಕೈ ಬಿಸಿ ಹಂಚು ಮುಟ್ಟಿದಂತೆ ಹಿಂದಕ್ಕೆ ಬಂತು.

ಅದು ಹರಪನಹಳ್ಳಿಯ ಎಣ್ಣೆ ಮಿಲ್ಲಿನ ಗುರುಸಂಗಪ್ಪ ಸಾಹುಕಾರರ ಮನೆಯ ಹಾಲ್. ಅವಳು ಮೂರು ತಿಂಗಳು ಕೂತು ಕಟ್ಟಿದ ಆಂಪ್ಲಿಫೈಯರಿನ ಮುಂದೆ ಗುರುತಿಲ್ಲದ ಒಬ್ಬ ಗಂಡಸು ಮಂಡಿಯೂರಿ, ಅದರ ವಾಲ್ಯೂಮ್ ಗುಂಡಿ ತಿರುವುತ್ತಿದ್ದ. ಹೇಗೆ ಸುಮ್ಮನಿದ್ದಾಳು?

“ಗಾದಿಲಿಂಗಪ್ಪಾರ ಮಗಳೇನ್ರಿ? ಅಪ್ಪಾರು ಯಾವಾಗ ಬರ್ತಾರ? ಈ ಸೆಟ್ ಬಗ್ಗೆ ಅವರ ಕೂಡ ಮಾತಾಡಬೇಕಿತ್ತು.”

“ಸೆಟ್ ಬಗ್ಗೆ ಮಾತಾಡಾದಿದ್ರ ನನ್ನ ಕೂಡ ಆಡ್ರಿ. ಕಟ್ಟಿದಾಕಿ ನಾನು.”

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಅವಳ ಬೆರಳು ನೋಡಿದ. ತುದಿಯಲ್ಲಿ ಬೆಸುಗೆ ಸುಟ್ಟ ಕಪ್ಪು ಕಲೆಗಳಿದ್ದವು. ಅವನು ನಗಲಿಲ್ಲ. ನಗದೆ ಇದ್ದದ್ದೇ ಅವನ ಪುಣ್ಯ ಅನ್ನಿ, ಇಲ್ಲದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು!

ಅವನ ಹೆಸರು ಓಬಳೇಶ. ಕೊಟ್ಟೂರಿನವನು, ಐಟಿಐ ಓದಿದವನು, ಹೊಸಪೇಟೆಯ ರೇಡಿಯೋ ಅಂಗಡಿಯೊಂದರಲ್ಲಿ ಸಂಬಳದ ಕೆಲಸ. ಸಾಹುಕಾರರು ಮುಂಬಯಿಯ ಬೀಗರ ಮನೆಯಲ್ಲಿ ನಾಲ್ಕೂ ಮೂಲೆಯಿಂದ ಹಾಡು ಬರುವುದನ್ನು ಕೇಳಿ ಬಂದಿದ್ದರು. ತಮ್ಮ ಹಾಲಿಗೂ ಹಾಗೇ ಆಗಬೇಕು ಎಂದು ಹಟ ಹಿಡಿದಿದ್ದರು. ಮುಂದಿನ ಎರಡು ಸ್ಪೀಕರಿಗೆ ಹೊಸಪೇಟೆಯ ಕಂಪನಿ ಆಂಪ್ಲಿಫೈಯರ್, ಹಿಂದಿನ ಎರಡಕ್ಕೆ ಊರಿನವನೇ ಆದ ಗಾದಿಲಿಂಗಪ್ಪನ ಅಂಗಡಿಯದು.

ಆದರೆ ಗಾದಿಲಿಂಗಪ್ಪನ ಕೈ ನಡುಗತೊಡಗಿ ಎರಡು ವರ್ಷವಾಗಿತ್ತು. ಅಪ್ಪ ಗಿರಾಕಿಯ ಜೊತೆ ಮಾತಾಡುವುದು, ಮಗಳು ಪರದೆಯ ಹಿಂದೆ ಕೂತು ಕೆಲಸ ಮಾಡುವುದು. ಊರಿಗೆ ಈ ಗುಟ್ಟು ಗೊತ್ತಿರಲಿಲ್ಲ; ಅಪ್ಪ ಕಟ್ಟಿದ್ದನ್ನು ಜೋಡಿಸಲು ಬಂದಿದ್ದಾಳೆ ಎಂದೇ ಸಾಹುಕಾರರೂ ತಿಳಿದಿದ್ದರು. ಹೆಣ್ಣುಮಗಳು ರಿಪೇರಿ ಮಾಡಿದ ರೇಡಿಯೋ ಯಾರು ನಂಬುತ್ತಾರೆ ಎಂದು ಅಪ್ಪನಿಗೆ ಅಂಜಿಕೆ.

ಈ ಕೆಲಸಕ್ಕೆ ಮುಂಚೆ ಅಪ್ಪ ಒಂದು ಮಾತು ಹೇಳಿದ್ದ. ಸಾಹುಕಾರರ ಮನೆಯ ಸೆಟ್ಟು ಪಾಸಾದರೆ ಅಂಗಡಿ ನಿನ್ನ ಹೆಸರಿಗೆ. ಆಗದಿದ್ದರೆ ಯುಗಾದಿಗೆ ಬಾಗಿಲು ಹಾಕುತ್ತೇನೆ, ಅರಸೀಕೆರೆಯಿಂದ ಬಂದ ಸಂಬಂಧಕ್ಕೆ ನೀನು ತಲೆ ಬಗ್ಗಿಸಬೇಕು. ಆ ಮನೆಯವರು ಕೆಲಸ ಬಿಡಿಸುತ್ತಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

‘ಪಾಸ್ ಮಾಡೇ ಮಾಡ್ತೀನಿ’ ಎಂದುಕೊಂಡಿದ್ದಳು.

ಪಾಸು ಮಾಡಬೇಕಾದವರು ಸಾಹುಕಾರರ ತಾಯಿ ಕಲ್ಯಾಣಮ್ಮ. ಕಣ್ಣು ಮಂಜಾಗಿದ್ದರೂ ಕಿವಿ ಮಾತ್ರ ಸೂಜಿಯ ಮೊನೆ. ಹಾಲಿನ ನಟ್ಟನಡುವೆ ಅವರ ಬೆತ್ತದ ಕುರ್ಚಿ. ಆ ಸೋಮವಾರ ಓಬಳೇಶ ಎರಡೂ ಆಂಪ್ಲಿಫೈಯರಿನ ಗುಂಡಿಯನ್ನು ಐದಕ್ಕೆ ಇಟ್ಟು ಹಾಡು ಹಾಕಿದ. ಎರಡೂ ಕಡೆ ಐದೇ ಇದ್ದರೆ ಸಮ ಅಲ್ಲವೇ ಎಂಬುದು ಅವನ ಲೆಕ್ಕ.

ಒಂದೇ ಸಾಲು ಕೇಳಿ ಕಲ್ಯಾಣಮ್ಮ ಕೈ ಎತ್ತಿದರು.

“ನಿಲ್ಲಸರಪಾ. ಮುಂದ ಯಾರೋ ಹಾಡ್ತಾರ, ಬೆನ್ನ ಹಿಂದ ಯಾರೋ ಜಗಳಾಡ್ತಾರ.”

ಗುರುವಾರ ಸಂಜೆಯೊಳಗೆ ಸರಿ ಹೋಗದಿದ್ದರೆ ಹಿಂದಿನ ಸೆಟ್ಟನ್ನು ವಾಪಸ್ ಕಳಿಸಿ, ಅದನ್ನೂ ಹೊಸಪೇಟೆಯಿಂದಲೇ ತರಿಸುತ್ತೇನೆ ಎಂದು ಸಾಹುಕಾರರು ಗಡುವು ಕೊಟ್ಟರು.

ಎಲ್ಲರೂ ಹೋದ ಮೇಲೆ ಅವಳು ಓಬಳೇಶನಿಗೆ ಬಿಡಿಸಿ ಹೇಳಿದಳು. ಗುಂಡಿಯ ಸುತ್ತ ಬರೆದ ಅಂಕಿ ಬರೀ ಬಣ್ಣ. ಒಂದೇ ಹಾಡು ಒಳಗೆ ಹೋದರೂ ಅವಳ ಸೆಟ್ಟು ಅದನ್ನು ಹೆಚ್ಚು ಹಿಗ್ಗಿಸುತ್ತದೆ, ಅವನದು ಕಡಿಮೆ. ಹಿಗ್ಗಿಸುವ ಆ ಅಳತೆಯೇ ಗೇನ್. ಅದನ್ನು ಸಮ ಮಾಡುವ ಸಣ್ಣ ಸ್ಕ್ರೂ ಇರುವುದು ಪೆಟ್ಟಿಗೆಯ ಒಳಗೆ. ಎರಡರ ಗೇನೂ ಒಂದಾದರೆ ಮಾತ್ರ ಐದಕ್ಕೆ ಐದು ಸಮ.

“ಇದನ್ನ ಐಟಿಐನಾಗ ಓದೀನ್ರಿ,” ಎಂದ ಅವನು. ಸ್ವಲ್ಪ ತಡೆದು, “ಓದಿದ್ದು ಈಗ ತಿಳೀತು,” ಎಂದ.

ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ಅವಳು ಆವತ್ತೇ ಮೊದಲು ನೋಡಿದ್ದು.

ಮಂಗಳವಾರ ಅವಳು ಅಪ್ಪನ ಹಳೆಯ ವಿದ್ಯೆಯೊಂದನ್ನು ಹೊರತೆಗೆದಳು. ಮುಂದಿನದೊಂದು, ಹಿಂದಿನದೊಂದು ಸ್ಪೀಕರನ್ನು ಎದುರುಬದುರು ಮುಖ ಮಾಡಿ ಅಂಟಿಸಿ ಇಟ್ಟಳು. ಒಂದರ ವೈರನ್ನು ಉಲ್ಟಾ ಕೊಟ್ಟಳು. ಈಗ ಒಂದು ಗಾಳಿಯನ್ನು ನೂಕಿದರೆ ಇನ್ನೊಂದು ಎಳೆಯುತ್ತದೆ. ಎರಡೂ ಸಮಬಲ ಆದ ಗಳಿಗೆಗೆ ಸದ್ದು ಅಡಗಿಹೋಗಬೇಕು.

“ಕಿವಿ ಹಚ್ಚಿ ಕೇಳ್ರಿ,” ಎಂದು ಸ್ಕ್ರೂಡ್ರೈವರ್ ಹಿಡಿದಳು.

ಅವನು ಬಗ್ಗಿದ. ಅವಳೂ ಬಗ್ಗಿದಳು. ಟೇಪಿನ ಹಾಡು ಮೊದಲು ಗಟ್ಟಿಯಾಗಿತ್ತು. ಸ್ಕ್ರೂ ಕೂದಲೆಳೆಯಷ್ಟು ತಿರುಗಿದ ಹಾಗೆಲ್ಲ ಕುಗ್ಗಿತು... ಇನ್ನೂ ಕುಗ್ಗಿತು... ಕೊನೆಗೆ ಪಿಸುಮಾತಿನಷ್ಟು ಉಳಿಯಿತು. ಆಗ ಅವಳಿಗೆ ಅವನ ಉಸಿರು ಕೇಳಿಸಿತು. ತನ್ನದೂ ಅವನಿಗೆ ಕೇಳುತ್ತಿರಬೇಕು ಎನ್ನಿಸಿ ಕಿವಿ ಬಿಸಿಯಾಯಿತು.

‘ಯಾಕ ಹಿಂಗ ಆಗಾಕತ್ತೈತಿ ನನಗ?’

ಇಬ್ಬರೂ ತಲೆ ಎತ್ತಲಿಲ್ಲ. ಎತ್ತುವ ಅವಸರ ಇಬ್ಬರಿಗೂ ಇರಲಿಲ್ಲ, ನಿಜ ಹೇಳಬೇಕೆಂದರೆ.

ಆಮೇಲೆ ಅವಳು ತನ್ನ ಸೆಟ್ಟಿನ ಸ್ಕ್ರೂ ಅಲ್ಲಾಡದಂತೆ ಅದರ ಮೇಲೆ ಒಂದು ಹನಿ ಮೇಣ ಬಿಟ್ಟಳು. ಅಪ್ಪ ಮೂವತ್ತು ವರ್ಷದಿಂದ ಮಾಡುತ್ತಿದ್ದುದು ಹಾಗೇ. ಓಬಳೇಶ ಏನೋ ಹೇಳಲು ಬಾಯಿ ತೆರೆದ. ಅವಳು ಅಪ್ಪನ ಕೈಗುಣವನ್ನು ಹೊಗಳುತ್ತಿದ್ದಳು. ಅವನು ಬಾಯಿ ಮುಚ್ಚಿದ. ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಬ್ಬರೂ ಹಂಚಿಕೊಂಡು ತಿಂದರು.

ಬುಧವಾರ ಮಧ್ಯಾಹ್ನ ಅವಳು ಹೋದಾಗ ಸಾಹುಕಾರರು ಎರಡೂ ಸೆಟ್ಟುಗಳನ್ನು ಚಂದ ಕಾಣಲೆಂದು ಗಾಜಿನ ಷೋಕೇಸಿನಲ್ಲಿ ಇಡಿಸಿದ್ದರು. ಬೆಳಗಿನಿಂದ ಹಾಡು ಹಾಕಿಸಿ ಬಂದವರಿಗೆಲ್ಲ ಕೇಳಿಸಿದ್ದರಂತೆ. ಆದರೆ ಹಿಂದಿನಿಂದ ಸದ್ದೇ ಇರಲಿಲ್ಲ! ಮುಚ್ಚಳ ತೆಗೆದು ನೋಡಿದರೆ ಮೇಣ ಮಾಯ, ಸ್ಕ್ರೂ ಜಾರಿದೆ, ಸೆಟ್ಟಿನ ಪಕ್ಕದಲ್ಲೇ ಓಬಳೇಶನ ಸ್ಕ್ರೂಡ್ರೈವರ್ ಬಿದ್ದಿದೆ.

ಓಬಳೇಶ ಅಲ್ಲೇ ಬಾಗಿಲ ಬಳಿ ನಿಂತಿದ್ದ. ತನ್ನ ಸೆಟ್ಟು ವಾಪಸ್ ಹೋದರೆ ಯಾರ ಅಂಗಡಿಗೆ ಲಾಭ? ಇದನ್ನು ಯೋಚಿಸಲು ಬುದ್ಧಿವಂತಿಕೆ ಬೇಕಿರಲಿಲ್ಲ, ಸಿಟ್ಟು ಸಾಕಾಗಿತ್ತು.

“ರೊಟ್ಟಿ ತಿಂದ ಕೈಲೆ ಸ್ಕ್ರೂ ತಿರುವೀರಿ. ನಿಮ್ಮ ಮಾಲಕರಿಗೆ ಹೇಳ್ರಿ, ಕೆಲಸ ಚಂದ ಮಾಡೀರಿ ಅಂತ.”

ಓಬಳೇಶನ ಮುಖ ಬಿಳಿಚಿತು. ಅವನು ಜಗಳ ಆಡಲಿಲ್ಲ. ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಅವಳ ಚೀಲದ ಮೇಲಿಟ್ಟ.

“ನಿಮಗಂತ ತಂದಿದ್ದೆ,” ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ.

ಮನೆಗೆ ಬಂದು ಪೊಟ್ಟಣ ಬಿಚ್ಚಿದಳು. ಒಳಗೆ ಉಗುರುಬಣ್ಣದ ಶೀಶೆ. ಕಡು ಕೆಂಪು.

ಅವಳಿಗೆ ಮೈಯೆಲ್ಲ ಉರಿಯಿತು. ಬೆಸುಗೆ ಕೆಲಸ ಬಿಡು, ಉಗುರಿಗೆ ಬಣ್ಣ ಹಚ್ಚಿಕೊಂಡು ಮನೆಯಲ್ಲಿ ಕೂತಿರು... ಅದಲ್ಲದೆ ಇನ್ನೇನರ್ಥ? ಶೀಶೆಯನ್ನು ಚೀಲದ ತಳಕ್ಕೆ ತುರುಕಿ, ಊಟವನ್ನೂ ಮಾಡದೆ ಮಲಗಿದಳು. ಆದರೂ ಅವನ ಬಿಳಿಚಿದ ಮುಖ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಗುರುವಾರ ಏಳಕ್ಕೇ ಅವಳು ಸಾಹುಕಾರರ ಬಾಗಿಲಲ್ಲಿದ್ದಳು. ಯಾರಿದ್ದರೇನು, ಬಿಟ್ಟರೇನು, ಕೆಲಸ ತನ್ನದು. ತನ್ನ ಸೆಟ್ಟಿನ ಒಳಗಿನ ಬೋರ್ಡನ್ನು ಪೂರ್ತಿ ಬಿಚ್ಚಿ ಎತ್ತಿದಳು. ಪೆಟ್ಟಿಗೆಯ ತಳದಲ್ಲಿ ಮೇಣ ಹರಿದು, ನಾಣ್ಯದಷ್ಟಗಲ ಗಟ್ಟಿಯಾಗಿ ಕೂತಿತ್ತು.

ಅವಳು ಅದನ್ನು ಉಗುರಿನಿಂದ ಕೆರೆದು ನೋಡಿದಳು.

ಅಪ್ಪ ಕಟ್ಟುತ್ತಿದ್ದುದು ಮೈಕ್ ಸೆಟ್ಟು. ಅವು ಚಪ್ಪರದ ಕೆಳಗೆ, ಬಯಲ ಗಾಳಿಯಲ್ಲಿ ಇರುತ್ತಿದ್ದವು. ಇದು ಮಾರ್ಚ್ ತಿಂಗಳ ಬಿಸಿಲಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬೆಳಗಿನಿಂದ ಕಾದಿತ್ತು. ಮೇಣ ಕರಗಿದೆ, ಸಡಿಲ ಸ್ಕ್ರೂ ಸ್ಪೀಕರಿನ ಅದುರಾಟಕ್ಕೆ ಜಾರಿದೆ. ಯಾರೂ ಮುಟ್ಟಿಲ್ಲ.

ಅವನ ಸೆಟ್ಟಿನ ಮುಚ್ಚಳವನ್ನೂ ತೆಗೆದಳು. ಅಲ್ಲಿ ಗೇನ್ ಸ್ಕ್ರೂ ಮೇಲೆ ಒಂದು ಚುಕ್ಕೆ. ಕಡು ಕೆಂಪು, ಒಣಗಿ ಕಲ್ಲಿನಂತಾಗಿತ್ತು.

ಉಗುರುಬಣ್ಣ ಉಗುರಿಗಲ್ಲ! ಮೇಣ ನಿಲ್ಲುವುದಿಲ್ಲ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಬುಧವಾರ ಆ ಸ್ಕ್ರೂಡ್ರೈವರಿನಿಂದ ತನ್ನ ಸೆಟ್ಟಿನ ಮುಚ್ಚಳ ತೆಗೆದು ಸ್ಕ್ರೂಗೆ ಹಚ್ಚಿ, ಉಳಿದದ್ದನ್ನು ಅವಳಿಗೆಂದೇ ಜೇಬಿನಲ್ಲಿಟ್ಟುಕೊಂಡು ಕಾದಿದ್ದ.

‘ಏನಂದುಬಿಟ್ಟೆ ನಾನು...’

ಅತ್ತಳು. ಅಳುತ್ತಲೇ ಸ್ಪೀಕರುಗಳನ್ನು ಎದುರುಬದುರು ಇಟ್ಟಳು. ಸದ್ದು ಅಡಗುವವರೆಗೆ ಸ್ಕ್ರೂ ತಿರುವಿದಳು, ಕೆಂಪು ಬಣ್ಣದ ಒಂದು ಹನಿ ಬಿಟ್ಟಳು, ಒಣಗಿದ್ದನ್ನು ಮುಟ್ಟಿ ನೋಡಿದಳು. ಷೋಕೇಸಿನ ಗಾಜು ತೆಗೆದಿಡಿ ಎಂದು ಸಾಹುಕಾರರಿಗೆ ಖಡಾಖಂಡಿತವಾಗಿ ಹೇಳಿದಳು. ಹತ್ತೂವರೆಗೆ ಓಬಳೇಶನ ಮನೆ ಹುಡುಕಿಕೊಂಡು ಕೊಟ್ಟೂರು ಬಸ್ಸು ಹತ್ತಿದಳು.

ಓಬಳೇಶನ ತಾಯಿ ದುರುಗಮ್ಮ ಬಾಗಿಲು ತೆಗೆದು, ಯಾರು ಏನು ಎಂದು ಕೇಳುವ ಮುಂಚೆ ನೀರು ಕೊಟ್ಟಳು. ಅವನು ಕಟ್ಟೆಯ ಮೇಲೆ ಯಾರದೋ ಟ್ರಾನ್ಸಿಸ್ಟರ್ ಬಿಚ್ಚಿಕೊಂಡು ಕೂತಿದ್ದ. ಅವಳನ್ನು ನೋಡಿ ಎದ್ದು ನಿಂತ.

“ಸೆಟ್ ಕೆಟ್ಟೈತೇನ್ರಿ? ಬಂದು ನೋಡ್ಲಿ?”

“ಕೆಲಸಕ್ಕ ಕರಿಯಾಕ ಬಂದಿಲ್ಲ. ಅದು ಆಗೈತಿ, ನಾನ ಮಾಡೀನಿ. ತಪ್ಪಾತು ಅನ್ನಾಕ ಬಂದೀನಿ. ಮೇಣ ಕರಗಿತ್ತು. ನಾನು ನೋಡದ ನಿಮ್ಮನ್ನ ಕಳ್ಳನ್ನ ಮಾಡಿದೆ.”

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕಟ್ಟೆಯ ಮೇಲಿಟ್ಟ.

“ಮಂಗಳವಾರನ ಹೇಳಬೇಕಿತ್ತು ನಾನು. ನೀವು ನಿಮ್ಮಪ್ಪಾರ ಕೈಗುಣ ಹೇಳಾಕತ್ತಿದ್ರಿ. ಆ ಮುಖ ನೋಡಿ ಬಾಯಿ ಬರಲಿಲ್ಲ.”

“ಕೆಲಸದಾಗ ಮುಖ ನೋಡಬಾರದ್ರಿ.”

“ಗೊತ್ತೈತ್ರಿ. ಆದ್ರೂ ನೋಡಿದೆ.”

ಒಳಗಿನಿಂದ ದುರುಗಮ್ಮ, ಬಿಸಿಲಲ್ಲಿ ನಿಂತು ಮಾತಾಡುವ ಬದಲು ಒಳಗೆ ಬಂದು ಉಣ್ಣಬಾರದೇ ಎಂದು ಕೂಗಿ ಹೇಳಿದಳು. ತಾಯಂದಿರಿಗೆ ಎಲ್ಲವೂ ಅರ್ಥವಾಗುತ್ತದೆ. ಉಂಡು, ಇಬ್ಬರೂ ಒಂದೇ ಬಸ್ಸಿನಲ್ಲಿ ಹರಪನಹಳ್ಳಿಗೆ ಬಂದರು.

ಸಂಜೆ ಸಾಹುಕಾರರ ಹಾಲ್ ಜನರಿಂದ ತುಂಬಿತ್ತು. ಗಾದಿಲಿಂಗಪ್ಪ ನಡುಗುವ ಕೈಗಳನ್ನು ಟವೆಲಿನಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದ. ಸುಂಕಮ್ಮ ಎರಡೂ ಗುಂಡಿಗಳನ್ನು ಐದಕ್ಕೆ ಇಟ್ಟಳು.

ಹಾಡು ಶುರುವಾಯಿತು. ಕಲ್ಯಾಣಮ್ಮ ಕಣ್ಣು ಮುಚ್ಚಿದರು. ಒಂದು ಸಾಲಾಯಿತು, ಎರಡಾಯಿತು. ಪೂರ್ತಿ ಹಾಡು ಮುಗಿಯಿತು.

“ಹಾಡು ಯಾವ ಮೂಲ್ಯಾಗೂ ಇಲ್ಲ,” ಎಂದರು ಮುದುಕಿ. “ಬಂದು ನನ್ನ ಕುರ್ಚಿ ಹಂತೇಲಿ ಕುಂತೈತಿ. ಗಾದಿಲಿಂಗಪ್ಪಾ, ಈ ವಯಸ್ಸಿನಾಗೂ ಕೈ ಚಲೋ ಐತಿ ನೋಡು ನಿಂದು.”

ಗಾದಿಲಿಂಗಪ್ಪ ಮಗಳ ಮುಖ ನೋಡಿದ. ನಿಧಾನಕ್ಕೆ ಟವೆಲು ತೆಗೆದು, ನಡುಗುವ ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿದ.

“ಈ ಕೈ ಎರಡು ವರ್ಷಾತ್ರಿ ಸ್ಕ್ರೂ ಹಿಡಿದಿಲ್ಲ. ಎಲ್ಲಾ ನನ್ನ ಮಗಳು ಮಾಡ್ಯಾಳ. ಇನ್ನ ಮ್ಯಾಲೆ ಅಂಗಡಿ ಆಕಿದು.”

ಹಾಲಿನಲ್ಲಿ ಗುಸುಗುಸು ಎದ್ದಿತು. ಕಲ್ಯಾಣಮ್ಮ ಅದಕ್ಕೆ ಕಿವಿಗೊಡಲಿಲ್ಲ. ತಮ್ಮ ಹಳೆಯ ರೇಡಿಯೋ ಕೂಡ ಗೊರಗೊರ ಅನ್ನುತ್ತಿದೆ, ನಾಳೆ ಅಂಗಡಿಗೆ ಕಳಿಸುತ್ತೇನೆ, ಹುಡುಗಿಯೇ ನೋಡಲಿ ಎಂದರು. ಸುಂಕಮ್ಮ ಅಪ್ಪನ ಕೈಗಳನ್ನು ಹಿಡಿದುಕೊಂಡು ಅತ್ತುಬಿಟ್ಟಳು.

ಜನ ಕರಗಿದ ಮೇಲೆ ಅವಳು ಪೆಟ್ಟಿಗೆಗಳ ಮುಚ್ಚಳ ಬಿಗಿಯುತ್ತಿದ್ದಾಗ ಓಬಳೇಶ ಪಕ್ಕದಲ್ಲಿ ಬಂದು ಕೂತ.

“ನಿಮ್ಮ ಅಂಗಡ್ಯಾಗ ಇನ್ನೊಂದು ಸ್ಟೂಲ್ ಹಾಕಾಕ ಜಾಗ ಐತೇನ್ರಿ?”

“ಕೂಡಾಕ ಬರೋರು ಯಾರು?”

“ಹೊಸಪೇಟಿ ಕೆಲಸ ಬಿಟ್ಟು ಬರಾವ ಒಬ್ಬ ಅದಾನ. ನಿಮ್ಮ ಮ್ಯಾಲೆ ಅವನಿಗೆ ಬಾಳ ಪ್ರೀತಿ ಐತಿ.”

ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

“ನನಗೂ ಐತಿ. ಆದ್ರ ಅಂಗಡಿ ಬೋರ್ಡಿನ ಮ್ಯಾಲೆ ನನ್ನ ಹೆಸರ ಇರತೈತಿ. ಬೆಸಗಿ ಕೆಲಸ ನಾನು ಬಿಡಂಗಿಲ್ಲ.”

“ಬಿಟ್ರ ನಾನ ಹೋಗಿಬಿಡ್ತೀನಿ. ನಾಳೆ ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ಲಿ?”

ಅವಳು ತಲೆಯಾಡಿಸಿದಳು. ಅವನು ಅವಳ ಚೀಲದ ಪಕ್ಕದಲ್ಲಿದ್ದ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದ. ತಳದಲ್ಲಿ ಸ್ವಲ್ಪ ಉಳಿದಿತ್ತು. ಸುಂಕಮ್ಮ ಸುಟ್ಟ ಕಲೆಯ ಬೆರಳನ್ನು ಮುಂದೆ ಚಾಚಿದಳು. ಅವನು ಸ್ಕ್ರೂ ಮೇಲೆ ಹಚ್ಚುವಷ್ಟೇ ಜೋಪಾನವಾಗಿ ಒಂದು ಉಗುರಿಗೆ ಹಚ್ಚಿದ.

“ಒಣಗೋ ತನಕ ಅಲ್ಲಾಡಬ್ಯಾಡ್ರಿ.”

“ಒಣಗಿದ ಮ್ಯಾಲೆ?”

“ಆಮ್ಯಾಲೆ ಅಲ್ಲಾಡೋದಿಲ್ರಿ. ಇದು ಮೇಣ ಅಲ್ಲ.”