ಹೊರಗುಳಿದ ಹಾರೆ

ಬೀದರ ಮೈಸೂರು ರಾಜ್ಯಕ್ಕೆ ಸೇರಿ ತಿಂಗಳೂ ತುಂಬಿರಲಿಲ್ಲ. ಲೋಹದ ಕಲ್ಲು ಹುಡುಕಿ ತರಬೇಕೆಂದು ಹೊಸ ಸರಕಾರದ ಅಪ್ಪಣೆ ಬಂತು. ಸರ್ವೇಯರ್ ಏಕನಾಥ ಜನವಾಡದಾಚೆಯ ಗವಿಗೆ ಹೊರಟ. ಜೊತೆಗೆ ಔರಾದದ ಬಾವಿ ತೋಡುವ ಹಾವಗೆಪ್ಪ, ಮಣ್ಣು ಹೊರಲು ಅವನ ಹೆಂಡತಿ ಶಿವಕಾಂತಾ. ಮೊಲೆಗೂಸನ್ನು ಆಕೆ ಜನವಾಡದ ಗಿರಿಜಾಬಾಯಿಯ ಮಡಿಲಿಗೆ ಹಾಕಿ ಬಂದಿದ್ದಳು.

ಗವಿಯ ಬಾಯಲ್ಲಿ ಹಾವಗೆಪ್ಪ ಹಾರೆ ಕೆಳಗಿಟ್ಟ. "ಒಳಗ ಜಲದೇವಿ ಅದಾಳ್ರಿ. ಕಬ್ಬಿಣ ಒಯ್ಯಂಗಿಲ್ಲ."

ಇಂಥ ನಂಬಿಕೆಗಳ ನಡುವೆಯೇ ಭಾಲ್ಕಿಯಲ್ಲಿ ಬೆಳೆದ ಏಕನಾಥನೂ ಸುತ್ತಿಗೆ ಇಟ್ಟುಬಿಟ್ಟ. ಓದಿದ್ದೆಲ್ಲ ಹೊಸ್ತಿಲಾಚೆಯೇ ಉಳಿಯಿತು!

ಒಳಗೆ ದೀವಟಿಗೆಯ ಬೆಳಕಿಗೆ ತಲೆಯ ಮೇಲೆ ತೂತು ತೂತಾದ ಕೆಂಪು ಮಾಡು ಕಂಡಿತು. ಗೋಡೆಯಲ್ಲಿ ಬುಡದಿಂದ ಎದೆಮಟ್ಟದವರೆಗೆ ಬಿಳಿ ಜೇಡಿಮಣ್ಣಿನ ಪಟ್ಟಿ. ಪಾದ ಮುಳುಗುವಷ್ಟು ಝರಿ ಬಾಗಿಲ ಕಡೆ ಹರಿಯುತ್ತಿತ್ತು. ಏಕನಾಥ ನೆಲದಿಂದ ಭಾರವಾದ ಕೆಂಪು ಕಲ್ಲೊಂದನ್ನು ಎತ್ತಿ ಚೀಲಕ್ಕೆ ಹಾಕಿದ.

"ಇದನ್ನ ಕರಗಿಸಿದ್ರ ಕಬ್ಬಿಣ ಬರ್ತದ," ಎಂದ.

"ಈ ಬಿಳೇದ್ರಿ?" ಶಿವಕಾಂತಾ ಕೇಳಿದಳು.

"ಅದು ಜೇಡಿ. ಲೋಹಕ್ಕಂತ ಅದನ್ನ ಯಾರೂ ಕಾಸಂಗಿಲ್ಲ. ನಮಗ ಬ್ಯಾಡ."

ಅಷ್ಟರಲ್ಲಿ ಬಾಗಿಲ ಬಳಿ ಮಾಡು ಕುಸಿಯಿತು.

ದೀವಟಿಗೆ ಆರಿತು. ಝರಿಯ ದಾರಿ ಮುಚ್ಚಿತು. ನೀರು ಏರತೊಡಗಿತು.

ಬಂಡೆಗಳ ನಡುವೆ ಬೆರಳು ತೂರುವಷ್ಟೇ ಸಂದಿ. ಹಾವಗೆಪ್ಪ ಕಣ್ಣಿಟ್ಟು ನೋಡಿದ. ಹೊರಗೆ ಬಿಸಿಲಲ್ಲಿ ಅವನ ಹಾರೆ ಬಿದ್ದಿತ್ತು.

"ಅಲ್ಲೇ ಕಾಣಸ್ತದ್ರಿ ಸಾಹೇಬ್ರ..." ಅವನು ಸಂದಿಯೊಳಗೆ ಬೆರಳು ತೂರಿಸಿದ. ಕೂಗಿದರು, ತಳ್ಳಿದರು. ಬಂಡೆ ಕದಲಲಿಲ್ಲ. ನೀರು ಸೊಂಟಕ್ಕೆ ಬಂತು. ಶಿವಕಾಂತಾಳ ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು.

"ಕೂಸಿಗೆ ಹಸಿವಾಗೇದ," ಎಂದು ಅಳುತ್ತಲೇ ಅವಳು ಬಂಡೆಯ ಪಕ್ಕದ ಗೋಡೆ ಕೆರೆದಳು. ಉಗುರೊಳಗೆ ಜೇಡಿ ಮೆತ್ತಿತು. ತಟ್ಟನೆ ತಿರುಗಿದಳು. "ಸಾಹೇಬ್ರ, ಇದು ಮೆತ್ತಗದ! ನಿಮ್ಮ ಕಲ್ಲಾಗ ಕಬ್ಬಿಣ ಅದ ಅಂದ್ರಲ್ಲ, ತೆಗೀರಿ ಅದನ್ನ!"

ಹಾವಗೆಪ್ಪ ಬೆಚ್ಚಿದ. "ಕಬ್ಬಿಣ ಅಂದ್ರ ದೇವಿ..."

"ದೇವಿ ಮನ್ಯಾಗಿಂದೇ ಅದು!"

ಏಕನಾಥ ಕಲ್ಲು ಕೊಟ್ಟ. ಹಾವಗೆಪ್ಪ ಕಣ್ಣು ಮುಚ್ಚಿ ಗುದ್ದಿದ. ಜೇಡಿ ಹೆಂಟೆ ಹೆಂಟೆಯಾಗಿ ಕಳಚಿತು. ಸರದಿಯಲ್ಲಿ ಮೂವರೂ ಗುದ್ದಿದರು. ಕಲ್ಲು ಸವೆದು ಚೂರಾಯಿತು. ನೀರು ಕುತ್ತಿಗೆ ಮುಟ್ಟುವಾಗ ಗೋಡೆ ಬಾಯ್ಬಿಟ್ಟಿತು. ಅದೇ ನೀರು ಅವರನ್ನು ಹೊರಗೆ ನೂಕಿತು.

ಹಾವಗೆಪ್ಪ ಗವಿಗೆ ಕೈಮುಗಿದ. ಆಮೇಲೆ ಹಾರೆಯನ್ನು ಎದೆಗವಚಿಕೊಂಡ.

ಜನವಾಡದಲ್ಲಿ ಜೇಡಿ ಮೆತ್ತಿ ಮೈಯೆಲ್ಲ ಬಿಳಿಯಾದ ತಾಯಿಯನ್ನು ಕಂಡು ಕೂಸು ಚೀರಿತು. ಶಿವಕಾಂತಾ ಮುಖ ತೊಳೆಯಲೂ ನಿಲ್ಲದೆ ಅದನ್ನು ಮೊಲೆಗೆ ಹಚ್ಚಿದಳು. ಕೂಸು ಸುಮ್ಮನಾಯಿತು.

ಖಾಲಿ ಚೀಲ ಹಿಡಿದು ನಿಂತಿದ್ದ ಏಕನಾಥ ತಾನೇ ಬೇಡವೆಂದಿದ್ದ, ಅಂಗಿಗಂಟಿದ ಜೇಡಿಯನ್ನು ಕೆರೆದು ಚೀಲಕ್ಕೆ ಹಾಕಿಕೊಂಡ.